ಹೋಲಿಕೆಯ ಮನೆ

ಅವ್ವ ಬಿದ್ದ ಸುದ್ದಿ ಬಂದಾಗ ನಾನು "ಒಳ್ಳೇದಾಯ್ತು" ಎಂದೆ.

ಬಾಯಿ ತಪ್ಪಿ ಬಂದ ಮಾತಲ್ಲ. ಫೋನಿನಲ್ಲಿ, ಗಟ್ಟಿಯಾಗಿ, ನನ್ನ ಸಹಾಯಕಿಗೆ ಹೇಳಿದೆ. ಬಿದ್ದವಳು ಅವ್ವ ಎಂದು ಆಗ ಗೊತ್ತಿರಲಿಲ್ಲ, ನಿಜ. ಆದರೆ ಯಾರೋ ಒಬ್ಬರು ಮುದುಕರು ಬಿದ್ದಿದ್ದಾರೆ ಎಂದು ಗೊತ್ತಿತ್ತು. ಅಷ್ಟು ಗೊತ್ತಿದ್ದೇ ಖುಷಿಪಟ್ಟೆ. ಇದನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿದರೆ ಅದು ನನ್ನ ಇನ್ನೊಂದು ಭಾಷಣವಾಗುತ್ತದೆ. ಭಾಷಣ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ.

ನಾನು ವಿಶ್ವವಿದ್ಯಾಲಯದಲ್ಲಿ ಮನೆ ಸುಧಾರಣೆಯ ಸಂಶೋಧನಾ ಯೋಜನೆಯ ಮುಖ್ಯಸ್ಥೆ. ಹಳೆಯ ಮನೆಯನ್ನು ಕೆಡವದೆ, ಇದ್ದುದರಲ್ಲೇ ಕಿಟಕಿ ಇಟ್ಟು, ನೆಲ ಸಮ ಮಾಡಿ, ಒಳಗೆ ಪಾಯಿಖಾನೆ ಕಟ್ಟಿ, ಗೋಡೆಗೆ ಹಿಡಿಕೆ ಕೂರಿಸಿದರೆ ವಯಸ್ಸಾದವರು ಬೀಳುವುದು ಕಡಿಮೆಯಾಗುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಆಗುತ್ತದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಕತ್ತಲಲ್ಲಿ ಕೊಚ್ಚೆ ದಾಟಿಕೊಂಡು ಹೋಗುವ ಮುದುಕಿ ಜಾರುತ್ತಾಳೆ, ಮನೆಯೊಳಗೇ ಹೋಗುವವಳು ಜಾರುವುದಿಲ್ಲ. ಆದರೆ ಗೊತ್ತಿರುವುದು ಬೇರೆ, ಸಾಬೀತು ಮಾಡುವುದು ಬೇರೆ. ಸಾಬೀತು ಮಾಡುವುದಕ್ಕೇ ನನಗೆ ಸಂಬಳ.

ಅದಕ್ಕೆ ಎರಡು ಬಗೆಯ ಮನೆಗಳು ಬೇಕು. ಸರಿ ಮಾಡಿದ್ದು, ಸರಿ ಮಾಡದೆ ಬಿಟ್ಟದ್ದು. ಮೊದಲನೆಯದಕ್ಕೆ ದುರಸ್ತಿ ಮನೆ ಎನ್ನುತ್ತೇವೆ, ಎರಡನೆಯದಕ್ಕೆ ಹೋಲಿಕೆಯ ಮನೆ. ಅಧ್ಯಯನ ಮುಗಿಯುವ ತನಕ ಹೋಲಿಕೆಯ ಮನೆಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಮುಗಿದ ಮೇಲೆ ಅದಕ್ಕೂ ದುರಸ್ತಿ ಮಾಡಿಕೊಡುತ್ತೇವೆ. ಅಲ್ಲಿಯ ತನಕ ಆ ಮನೆಯವರು ಹೇಗಿದ್ದರೋ ಹಾಗೇ ಇರಬೇಕು. ಬಿದ್ದರೆ ನಮಗೆ ಹೇಳಬೇಕು.

ಮನೆಗಳನ್ನು ಹುಡುಕಿಕೊಂಡು ನಾನು ದೂರ ಹೋಗಲಿಲ್ಲ. ವಿಶ್ವವಿದ್ಯಾಲಯದ ಹಿಂಗೋಡೆಗೆ ಅಂಟಿಕೊಂಡು ಒಂದು ಓಣಿಯಿದೆ. ನಮ್ಮ ಕೋಣೆ, ಮೆಟ್ಟಿಲು, ಪಾಯಿಖಾನೆಗಳನ್ನು ತೊಳೆಯುವವರ ಓಣಿ. ಮನೆಗಳೂ ವಿಶ್ವವಿದ್ಯಾಲಯದವೇ, ಬಾಡಿಗೆಯನ್ನು ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಒಂದೊಂದು ಕೋಣೆ, ತಗಡಿನ ಮಾಡು, ಹಿಂದೆ ಕಿಟಕಿಯಿಲ್ಲದ ಗೋಡೆ. ಓಣಿಯ ತುದಿಯಲ್ಲಿ, ಕೊಚ್ಚೆಯ ಆಚೆ, ಎಲ್ಲರಿಗೂ ಸೇರಿ ಒಂದು ಸಾಲು ಪಾಯಿಖಾನೆ. ಅಲ್ಲಿ ಯಾವ ಬಾಗಿಲಿಗೂ ಚಿಲಕ ನಿಲ್ಲುವುದಿಲ್ಲ. ಒಳಗೆ ಕೂತವರು ಕೆಮ್ಮುತ್ತಿರಬೇಕು, ಇಲ್ಲವಾದರೆ ಯಾರಾದರೂ ಬಾಗಿಲು ತಳ್ಳಿಬಿಡುತ್ತಾರೆ. ನಾನು ಹುಟ್ಟಿದ್ದು ಅಲ್ಲಿ. ಸುಳ್ಳು ಕೆಮ್ಮು ಕಲಿತದ್ದೂ ಅಲ್ಲೇ.

ಅವ್ವ ಹುಡುಗರ ಹಾಸ್ಟೆಲಿನ ಪಾಯಿಖಾನೆಗಳನ್ನು ತೊಳೆಯುತ್ತಿದ್ದಳು. ಆಸಿಡ್ಡಿಗೆ ಬೆರಳ ಸಂದಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಊಟಕ್ಕೆ ಕೂತರೆ ಉಪ್ಪು ತಾಗಿ ಉರಿಯುತ್ತದೆಂದು ಚಮಚದಲ್ಲಿ ಉಣ್ಣುತ್ತಿದ್ದಳು. ನಮ್ಮವ್ವ ದೊರೆಸಾನಿ ಎಂದು ನಾನೂ ಅಕ್ಕನೂ ನಗಾಡುತ್ತಿದ್ದೆವು. ಜೀವಮಾನವಿಡೀ ಪಾಯಿಖಾನೆ ತೊಳೆದವಳ ಮನೆಯಲ್ಲಿ ಪಾಯಿಖಾನೆ ಇರಲಿಲ್ಲ. ಕಟ್ಟಿಸಿಕೊಡಿ ಎಂದು ಓಣಿಯವರು ಕೇಳಿ ಕೇಳಿ ಸೋತರು. ಹಣವಿಲ್ಲ ಎಂದರು. ನಾವೇ ಕಟ್ಟಿಕೊಳ್ಳುತ್ತೇವೆ ಎಂದರೆ ಗೋಡೆ ನಿಮ್ಮಪ್ಪಂದಲ್ಲ ಎಂದರು.

ಅದೇ ಗೋಡೆ ಒಡೆಯಲು ನನಗೆ ಹಣ ಬಂತು. ಮನೆಯ ಮಾಲೀಕ ಮಾಡಿಸಲೇಬೇಕಾಗಿದ್ದ ರಿಪೇರಿಗೆ ನಾನು ಪ್ರಯೋಗ ಎಂದು ಹೆಸರಿಟ್ಟು ಅರ್ಧ ಓಣಿಗೆ ಹಂಚಿದೆ. ನಮ್ಮವರಿಗೆ ಮಾಡುತ್ತಿದ್ದೇನೆ ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ.

ಯಾವ ಮನೆ ಯಾವುದಕ್ಕೆ ಎಂದು ಚೀಟಿ ಎತ್ತಿ ತೀರ್ಮಾನಿಸಬೇಕು. ಮೋಸವಿಲ್ಲ ಎಂದು ಎಲ್ಲರಿಗೂ ಕಾಣಲೆಂದು ಓಣಿಯ ನಡುವೆಯೇ ಒಂದು ಬಕೆಟ್ಟಿನಲ್ಲಿ ಚೀಟಿ ಹಾಕಿಸಿದೆ. ಎತ್ತಲು ಓಣಿಯಲ್ಲಿ ಎಲ್ಲರಿಗಿಂತ ಹಿರಿಯಳನ್ನು ಕರೆದೆ. ಹಿರಿಯಳು ಅವ್ವ. ಅವಳ ಕೈಗೆ ಬಂದ ಮನೆಗಳು ದುರಸ್ತಿಗೆ, ಬಕೆಟ್ಟಿನಲ್ಲಿ ಉಳಿದವು ಹೋಲಿಕೆಗೆ. ಅವ್ವ ಒಂದೊಂದೇ ಎತ್ತಿ ಕೊಟ್ಟಳು. ಒಂದೊಂದಕ್ಕೂ ಚಪ್ಪಾಳೆ. ಎತ್ತುವುದು ಮುಗಿದಾಗ ನಮ್ಮ ಮನೆಯ ಚೀಟಿ ಬಕೆಟ್ಟಿನ ತಳದಲ್ಲೇ ಇತ್ತು. ಊರಿಗೆಲ್ಲ ಬಡಿಸಿ ನೀನು ಉಪವಾಸ ಕೂತೆಯಲ್ಲ ಎಂದು ಯಾರೋ ತಮಾಷೆ ಮಾಡಿದರು. ಅವ್ವನೂ ನಕ್ಕಳು. ಅಕ್ಕ ನಗಲಿಲ್ಲ.

ಆ ದಿನ ಡೀನ್ ನನ್ನ ಬೆನ್ನು ತಟ್ಟಿದರು. ಹೆತ್ತ ತಾಯಿಯ ಮನೆಗೂ ರಿಯಾಯಿತಿ ತೋರದ ಸಂಶೋಧಕಿ ಎಂದರು. ನಾನು ಅದನ್ನು ಬಿಡಲಿಲ್ಲ, ಹೋದಲ್ಲೆಲ್ಲ ಹೇಳಿದೆ. ನಮ್ಮ ಮನೆಯ ಚಿತ್ರವನ್ನು ಪರದೆಯ ಮೇಲೆ ಹಾಕಿ, ಇದು ನಾನು ಹುಟ್ಟಿದ ಮನೆ, ಇದು ಹೋಲಿಕೆಯ ಮನೆ ಎನ್ನುತ್ತಿದ್ದೆ. ಸಭೆ ಗಪ್‌ಚಿಪ್ಪಾಗುತ್ತಿತ್ತು. ಆಮೇಲೆ ಚಪ್ಪಾಳೆ. ಅವ್ವನ ಕೊಚ್ಚೆಯಲ್ಲಿ ನಿಂತು ನಾನು ಪ್ರಾಮಾಣಿಕಳು ಎನ್ನಿಸಿಕೊಂಡೆ.

ನನ್ನ ಮನೆ ಕಾಂಪೌಂಡಿನ ಈಚೆಗೆ. ಅದರಲ್ಲಿ ಎರಡು ಬಚ್ಚಲು. ಬಂದು ನನ್ನ ಜೊತೆ ಇರು ಎಂದು ಅವ್ವನನ್ನು ಒಮ್ಮೆ ಕರೆದೆ. ಅಕ್ಕ ಒಬ್ಬಳೇ ಆಗುತ್ತಾಳೆ, ಬೇಡ ಎಂದಳು. ಅವ್ವ ಬಂದುಬಿಟ್ಟರೆ ಹೋಲಿಕೆಯ ಒಂದು ಮನೆ ಕಡಿಮೆಯಾಗುತ್ತದೆ ಎಂದು ಸಹಾಯಕಿ ಆಗಷ್ಟೇ ನೆನಪಿಸಿದ್ದಳು. ನಾನು ಎರಡನೇ ಸಲ ಕರೆಯಲಿಲ್ಲ.

ದುರಸ್ತಿ ಕೆಲಸಕ್ಕೆ ಓಣಿಯ ಹೆಂಗಸರನ್ನೇ ಕೂಲಿಗೆ ಹಚ್ಚಿದ್ದೆವು. ಅಕ್ಕನೂ ಹೋದಳು. ಮರಳು ಹೊತ್ತಳು, ಸಿಮೆಂಟ್ ಕಲಸಿದಳು, ಗೋಡೆ ಒಡೆದ ಕಲ್ಲನ್ನು ಬುಟ್ಟಿ ಬುಟ್ಟಿ ಹೊರಗೆ ಸುರಿದಳು. ಪಕ್ಕದ ಮನೆಗೆ ಕೂರಿಸಿದ ಕಮೋಡನ್ನು ತಲೆಯ ಮೇಲೆ ಹೊತ್ತು ತಂದವಳು ಅವಳೇ. ಸಂಜೆ ಆ ಸಿಮೆಂಟಿನ ಕೈಯನ್ನು ತೊಳೆದುಕೊಂಡು ಅವ್ವನನ್ನು ಹಿಡಿದು ಓಣಿಯ ತುದಿಗೆ ನಡೆಸಿಕೊಂಡು ಹೋಗುತ್ತಿದ್ದಳು. ಪಕ್ಕದ ಮನೆಗೆ ಗುಂಡಿ ತೋಡುತ್ತಿದ್ದೇವಲ್ಲ, ಅದಕ್ಕೇ ನಮ್ಮದೂ ಒಂದು ಪೈಪು ಸೇರಿಸಿಕೊಳ್ಳಲೇ ಎಂದು ಒಂದು ದಿನ ನನ್ನನ್ನು ಕೇಳಿದಳು. ಫಲಿತಾಂಶ ಕೆಡುತ್ತದೆ ಎಂದೆ. ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಪಕ್ಕದ ಮನೆಯವಳನ್ನು ನಾವು ಚಿಕ್ಕಮ್ಮ ಎಂದೇ ಕರೆಯುವುದು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಹೊಸ ಪಾಯಿಖಾನೆಯಲ್ಲಿ ನೀರು ಬಿಟ್ಟರೆ ನಮ್ಮ ಅವ್ವ ಮಲಗುವ ಚಾಪೆಯ ತನಕ ಸದ್ದು. ಅವ್ವ ಆಗಲೇ ಸಂಜೆಯಾದ ಮೇಲೆ ನೀರು ಕುಡಿಯುವುದನ್ನು ಬಿಟ್ಟಿದ್ದಳು. ಕುಡಿದರೆ ಏಳಬೇಕು, ಎದ್ದರೆ ಕೊಚ್ಚೆ ದಾಟಬೇಕು. ತುಟಿ ಒಣಗಿ ಸೀಳಿತ್ತು, ಉಚ್ಚೆ ಹೊಯ್ದರೆ ಉರಿ. ಚಿಕ್ಕಮ್ಮನಿಗೆ ನೋಡಲಾಗಲಿಲ್ಲ. ನಮ್ಮನೆಗೇ ಬಾ ಅಕ್ಕಾ, ಬಾಗಿಲು ತೆಗೆದೇ ಇರುತ್ತೆ ಎಂದಳು. ಅವ್ವ ಹೋಗತೊಡಗಿದಳು. ಮತ್ತೆ ನೀರು ಕುಡಿಯತೊಡಗಿದಳು.

ಸಹಾಯಕಿ ವಾರದ ಭೇಟಿಗೆ ಹೋದಾಗ ಇದು ಗೊತ್ತಾಯಿತು. ಹೋಲಿಕೆಯ ಮನೆಯವರು ದುರಸ್ತಿ ಮನೆಯ ಸೌಕರ್ಯ ಬಳಸುವಂತಿಲ್ಲ. ಬಳಸಿದರೆ ಎರಡಕ್ಕೂ ಏನು ವ್ಯತ್ಯಾಸ ಉಳಿಯಿತು? ಹೇಳಿದರೂ ಕೇಳದಿದ್ದರೆ ಆ ಮನೆಯನ್ನು ಹಿಂದಿನ ಲೆಕ್ಕದ ಸಮೇತ ಅಧ್ಯಯನದಿಂದ ತೆಗೆದುಹಾಕಬೇಕು. ನಿಯಮ ನಾನೇ ಮಾಡಿದ್ದು. ಸಹಾಯಕಿಗೆ ಅದನ್ನು ನನ್ನ ಅವ್ವನಿಗೆ ಹೇಳಲು ನಾಲಿಗೆ ಏಳಲಿಲ್ಲ. ನಾನೇ ಹೋದೆ.

ಅವ್ವನ ಪಕ್ಕ ಚಾಪೆಯ ಮೇಲೆ ಕೂತು, ಅವಳ ಕೈ ಹಿಡಿದುಕೊಂಡು, ಚಿಕ್ಕಮ್ಮನ ಮನೆಗೆ ಹೋಗಬೇಡ ಎಂದು ಹೇಳಿದೆ. ಮೆತ್ತಗೆ ಹೇಳಿದೆ. ಮಕ್ಕಳಿಗೆ ತಿಳಿಹೇಳುವ ಹಾಗೆ. ಇನ್ನು ಸ್ವಲ್ಪವೇ ಕಾಲ, ಆಮೇಲೆ ನಿನ್ನ ಮನೆಯಲ್ಲೇ ಆಗುತ್ತದೆ ಎಂದು ಮೂಗಿಗೆ ತುಪ್ಪ ಸವರಿದೆ. ಅವ್ವ ಗಾಬರಿಯಾದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಸೆರಗು ಸರಿಮಾಡಿಕೊಂಡಳು.

"ನಿನ್ ಕೆಲ್ಸ ಕೆಡುತ್ತೆ ಅಂತ ಗೊತ್ತಿರ್ಲಿಲ್ಲ ಕಣೆ. ಇನ್ಮೇಲೆ ಹೋಗಲ್ಲ."

ಅಕ್ಕ ಒಲೆಯ ಮುಂದೆ ಕೂತಿದ್ದಳು. ತಿರುಗಿಯೂ ನೋಡದೆ ಕೇಳಿದಳು: "ಉಚ್ಚೆ ಹುಯ್ಯೋದಕ್ಕೂ ನಿನ್ ಅಪ್ಪಣೆ ಬೇಕೇನೇ?"

ನಾನು ಸಿಟ್ಟಾದೆ. ಇದರಿಂದ ಮುಂದೆ ಸಾವಿರಾರು ಮನೆಗಳಿಗೆ ಒಳ್ಳೆಯದಾಗುತ್ತದೆ, ನಿನಗೆ ತಿಳಿಯುವುದಿಲ್ಲ ಎಂದೆ. ನಿನಗೆ ತಿಳಿಯುವುದಿಲ್ಲ ಎಂಬ ಮಾತನ್ನು ಆ ಮನೆಯಲ್ಲಿ ನಾನು ಆಡಿದ್ದು ಮೊದಲ ಸಲವಲ್ಲ. ನಾನು ಓದಲೆಂದು ಅಕ್ಕ ಶಾಲೆ ಬಿಟ್ಟು ಅವ್ವನ ಜೊತೆ ಬಕೆಟ್ ಹಿಡಿದವಳು. ಹೊರಗೆ ಬರುವಾಗ ನನಗೆ ನಾಚಿಕೆಯಾಯಿತು. ಕಚೇರಿ ತಲುಪುವಷ್ಟರಲ್ಲಿ ಅದೂ ಹೋಯಿತು.

ಅವ್ವ ಮಾತಿಗೆ ತಪ್ಪುವವಳಲ್ಲ. ಮತ್ತೆ ಕೊಚ್ಚೆ ದಾಟತೊಡಗಿದಳು.

ಆಗ ಹಣ ಕೊಟ್ಟವರಿಗೆ ವರದಿ ಕಳಿಸುವ ಹೊತ್ತು. ದುರಸ್ತಿ ಮನೆಯವರು ಬೀಳುವುದು ಕಡಿಮೆಯಾಗಿತ್ತು, ಆದರೆ ಹೋಲಿಕೆಯ ಮನೆಗಳಲ್ಲೂ ಹೇಳಿಕೊಳ್ಳುವಷ್ಟು ಜನ ಬಿದ್ದಿರಲಿಲ್ಲ. ಹುಷಾರಾಗಿ ನಡೆಯುತ್ತಿದ್ದರು, ಬಡವರು. ಅಂತರ ಎದ್ದು ಕಾಣದಿದ್ದರೆ ಮುಂದಿನ ಹಂತಕ್ಕೆ ಹಣವಿಲ್ಲ, ನನ್ನ ಯೋಜನೆಯೂ ಇಲ್ಲ. ಬೆಳಿಗ್ಗೆ ಮೇಜಿನ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದಾಗ ಓಣಿಯಿಂದ ಸಹಾಯಕಿಯ ಫೋನು ಬಂತು. ಹೋಲಿಕೆಯ ಒಂದು ಮನೆಯಲ್ಲಿ ಬಿದ್ದಿದ್ದಾರೆ ಮೇಡಂ, ಪಾಯಿಖಾನೆಗೆ ಹೋಗುವಾಗ, ಸೊಂಟ ಮುರಿದ ಹಾಗಿದೆ ಎಂದಳು.

"ಒಳ್ಳೇದಾಯ್ತು," ಎಂದೆ. "ಯಾರ ಮನೆ?"

ಆ ಕಡೆಯಿಂದ ಯಾರೋ ನರಳುವುದು ಕೇಳಿಸಿತು. ನರಳುವ ದನಿಗೆ ಹೆಸರು ಬೇಕಾಗಲಿಲ್ಲ. ಆಮೇಲೆ ಗೊತ್ತಾಯಿತು, ಸಹಾಯಕಿಯ ಒಂದು ಕೈ ಅವ್ವನ ತಲೆಯ ಕೆಳಗಿತ್ತು. ಫೋನನ್ನು ಸಹಾಯಕಿಯ ಕಿವಿಯ ಹತ್ತಿರ ಎತ್ತಿ ಹಿಡಿದಿದ್ದವಳು ಅಕ್ಕ. ನಾನಾಡಿದ ಮಾತು ಅವಳಿಗೂ ಕೇಳಿಸಿತ್ತು.

ಆಸ್ಪತ್ರೆಯಲ್ಲಿ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಇನ್ನು ಮೊದಲಿನ ಹಾಗೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಅವ್ವ ಮತ್ತಿನಲ್ಲಿದ್ದಳು. ಅಕ್ಕ ಅವಳ ಪಾದದ ಒಡಕಿನಲ್ಲಿ ಇನ್ನೂ ಉಳಿದಿದ್ದ ಕೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಆ ಕೆಸರಿಗೆ ಕಾರಣ ಯಾರೆಂದು ನನಗೆ ಗೊತ್ತಿತ್ತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅಳು ಬಂತು. ಅಕ್ಕ ತಲೆಯೆತ್ತಿ ನೋಡಿದಳು. ಆ ನೋಟದ ಮುಂದೆ ಅಳುವುದಕ್ಕೂ ಧೈರ್ಯ ಸಾಲಲಿಲ್ಲ.

ಮರುದಿನ ಅಕ್ಕ ಚಿಕ್ಕಮ್ಮನನ್ನು ಆಸ್ಪತ್ರೆಯಲ್ಲಿ ಕೂರಿಸಿ ಓಣಿಗೆ ಹೋದಳು. ಬೆಳಿಗ್ಗೆಯೇ ಕಟ್ಟಡಗಳ ಅಧಿಕಾರಿ ನನಗೆ ಫೋನು ಮಾಡಿದ. ವಿಶ್ವವಿದ್ಯಾಲಯದ ಮನೆಗಳು, ಬಾಡಿಗೆ, ಬೀಗ ಎಲ್ಲ ಅವನ ಕೈಯಲ್ಲಿ. ನಿಮ್ಮ ಅಕ್ಕ ಸರ್ಕಾರಿ ಗೋಡೆ ಒಡೆಯುತ್ತಿದ್ದಾಳೆ, ಬೇಗ ಬನ್ನಿ ಎಂದ.

ನಾನು ಹೋದಾಗ ಹಿಂಗೋಡೆಯಲ್ಲಿ ಮನುಷ್ಯರು ದಾಟುವಷ್ಟು ತೂತಾಗಿತ್ತು. ನಾನು ಹುಟ್ಟಿದಂದಿನಿಂದ ಕತ್ತಲಿದ್ದ ಮೂಲೆಗೆ ಬಿಸಿಲು ಬಿದ್ದಿತ್ತು. ಅಕ್ಕ ಸೀರೆಯನ್ನು ಮೊಣಕಾಲ ಮೇಲೆ ಕಟ್ಟಿ ಹಾರೆ ಹಾಕುತ್ತಿದ್ದಳು. ಹಾರೆ ಬಿದ್ದಾಗಲೆಲ್ಲ ಅವಳ ಹೊಟ್ಟೆಯಿಂದ ಹೂಂಕಾರ ಬರುತ್ತಿತ್ತು. ಅಂಗೈ ಒಡೆದು ಹಾರೆಗೆ ರಕ್ತ ಅಂಟಿತ್ತು. ಜೊತೆಗೆ ಕೂಲಿಗೆ ಹೋಗುವ ಹೆಂಗಸರು ಕಲ್ಲು ಎತ್ತಿಹಾಕುತ್ತಿದ್ದರು. ಅಂಚು ಮುರಿದಿದೆ ಎಂದು ಗುತ್ತಿಗೆದಾರ ಬಿಸಾಕಿದ್ದ ಒಂದು ಕಮೋಡು ಬಾಗಿಲಲ್ಲಿ ಕೂತಿತ್ತು. ಎದುರಿನ ಹೋಲಿಕೆಯ ಮನೆಯವನು ತನ್ನ ಮನೆಯಿಂದ ಸುತ್ತಿಗೆ ಹಿಡಿದು ಬಂದ. ಮೊದಲು ಇಲ್ಲಿ ಕೈ ಹಾಕುತ್ತಾನೆ ಎಂದುಕೊಂಡೆ. ಅವನು ತಿರುಗಿ ತನ್ನ ಗೋಡೆಗೇ ಹೊಡೆಯತೊಡಗಿದ.

ನಾನು ಅಕ್ಕನ ಹತ್ತಿರ ಹೋಗಿ ನಿಲ್ಲಿಸು ಎಂದೆ. ನಾನೇ ಡೀನ್ ಹತ್ತಿರ ಮಾತಾಡುತ್ತೇನೆ, ನಮ್ಮ ಮನೆಗೆ ವಿಶೇಷ ಅನುಮತಿ ತರುತ್ತೇನೆ, ನಾಳೆಯೇ ಮಾಡಿಸುತ್ತೇನೆ, ಒಳ್ಳೆಯ ಕಮೋಡು ಹಾಕಿಸುತ್ತೇನೆ ಎಂದು ಬಡಬಡಿಸಿದೆ. ಅಕ್ಕ ಹಾರೆಯನ್ನು ನೆಲಕ್ಕೆ ಊರಿ ಉಸಿರು ತೆಗೆದುಕೊಂಡಳು.

"ಅವ್ವ ಬಿದ್ದಾಗ ಒಳ್ಳೇದಾಯ್ತು ಅಂದೆ."

"ಅವ್ವ ಅಂತ ಗೊತ್ತಿರ್ಲಿಲ್ಲ ಅಕ್ಕಾ."

"ಹಂಗಾದ್ರೆ ಯಾರು ಅಂದ್ಕೊಂಡೆ? ಎದುರುಮನೆ ಅಜ್ಜನಾ? ತುದಿಮನೆ ಅತ್ತೆನಾ? ಯಾರು ಬಿದ್ದಿದ್ರೆ ನಿನಗೆ ಒಳ್ಳೇದಿತ್ತು, ಹೇಳು. ಇಲ್ಲೇ ಇದ್ದಾರೆ ಎಲ್ಲರೂ."

ಎಲ್ಲರೂ ಇದ್ದರು. ಎಲ್ಲರೂ ಕೇಳಿಸಿಕೊಂಡರು. ತುದಿಮನೆಯ ಅತ್ತೆ, ನಾನು ಎಳೆಯವಳಿದ್ದಾಗ ನನ್ನನ್ನು ಎತ್ತಿ ಆಡಿಸಿದವಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಬಿಡಲಿಲ್ಲ.

ಅಷ್ಟರಲ್ಲಿ ಕಟ್ಟಡಗಳ ಅಧಿಕಾರಿ ಇಬ್ಬರು ಕಾವಲುಗಾರರ ಜೊತೆ ಬಂದ. ಅವನು ಅಕ್ಕನ ಕಡೆ ನೋಡಲೂ ಇಲ್ಲ. ಕೂಲಿಯವರ ಜೊತೆ ಮಾತಾಡುವ ಅಭ್ಯಾಸ ಅವನಿಗಿಲ್ಲ, ನನ್ನ ಜೊತೆ ಮಾತಾಡಿದ. ಇದು ನಿಮ್ಮ ಯೋಜನೆಯ ಕೆಲಸ ಹೌದೋ ಅಲ್ಲವೋ ಒಂದು ಮಾತು ಹೇಳಿ ಮೇಡಂ. ಹೌದಾದರೆ ನಿಯಮ ಮುರಿದವರು ನೀವು, ವರದಿ ಮೇಲೆ ಹೋಗುತ್ತದೆ, ಯೋಜನೆ ನಿಲ್ಲುತ್ತದೆ. ಅಲ್ಲವಾದರೆ ಇವಳ ಮೇಲೆ ಪೊಲೀಸರಿಗೆ ದೂರು ಕೊಡುತ್ತೇನೆ, ಮನೆ ಖಾಲಿ ಮಾಡಿಸುತ್ತೇನೆ.

ನಾನು ಒಂದು ಗಳಿಗೆ ಸುಮ್ಮನಿದ್ದೆ. ಅಷ್ಟು ಹೊತ್ತೂ ಇರಬಾರದಿತ್ತು.

"ನಾನೇ ಒಡೆಯೋಕೆ ಹೇಳಿದ್ದು," ಎಂದೆ.

ಹೇಳಿದ ಕೂಡಲೇ ಎದೆ ಹಗುರಾಯಿತು. ಎಲ್ಲವನ್ನೂ ತೊಳೆದುಕೊಂಡ ಹಾಗೆ ಅನ್ನಿಸಿತು. ಯೋಜನೆ ಹೋದರೆ ಹೋಗಲಿ, ಅಕ್ಕನ ಪಕ್ಕ ನಿಂತೆನಲ್ಲ ಎಂದುಕೊಂಡೆ. ಇದನ್ನೂ ಮುಂದೆ ಎಲ್ಲಾದರೂ ಹೇಳಿಕೊಳ್ಳಬಹುದು ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಕ್ಕ ಬಿಡಲಿಲ್ಲ. ಅಧಿಕಾರಿಯ ಮುಂದೆ ಬಂದು ನಿಂತಳು. ಅವನು ಮೊದಲ ಸಲ ಅವಳ ಮುಖ ನೋಡಿದ.

"ಇವಳು ಹೇಳಿಲ್ಲ. ಇವಳು ಬೇಡ ಅಂದಳು. ನಾನು ಒಡೀತಿದ್ದೀನಿ. ನಮ್ಮವ್ವ ನಿಮ್ ಹೇಲು ಬಾಚಿ ಬಾಡಿಗೆ ಕಟ್ಟಿದ ಗೋಡೆ ಇದು. ಪೊಲೀಸರನ್ನ ಕರೀರಿ. ಇವಳ ಹೆಸರು ಮಾತ್ರ ಇದಕ್ಕೆ ಹಾಕ್ಬೇಡಿ."

ಅವನು ಕಾವಲುಗಾರರ ಕಡೆ ನೋಡಿದ. ಕಾವಲುಗಾರರಲ್ಲೊಬ್ಬ ಅದೇ ಓಣಿಯವನು. ಅವನು ಎದುರುಮನೆಯ ಗೋಡೆಯಿಂದ ಬೀಳುತ್ತಿದ್ದ ಕಲ್ಲನ್ನು ನೋಡುತ್ತ ನಿಂತ, ಅಲುಗಲಿಲ್ಲ. ಆಚೆ ಇನ್ನೊಂದು ಮನೆಯಲ್ಲೂ ಗುದ್ದುವ ಸದ್ದು ಶುರುವಾಗಿತ್ತು. ಅಧಿಕಾರಿ ಎಲ್ಲರನ್ನೂ ನೋಡಿಕೊಳ್ಳುತ್ತೇನೆ ಎಂದು ಫೋನು ಒತ್ತಿಕೊಳ್ಳುತ್ತ ಹೋದ.

ನಾನು ಬಗ್ಗಿ ಕಲ್ಲಿನ ಬುಟ್ಟಿಗೆ ಕೈ ಹಾಕಿದೆ. ಅಕ್ಕ ಕಾಲಲ್ಲಿ ಬುಟ್ಟಿಯನ್ನು ಆಚೆ ಸರಿಸಿದಳು.

"ಇಲ್ಲಿ ಜನ ಇದ್ದಾರೆ. ಅವ್ವನ ಹತ್ರ ಹೋಗು. ಚಿಕ್ಕಮ್ಮನಿಗೆ ಕೆಲಸಕ್ಕೆ ಹೊತ್ತಾಯ್ತು."

ಹೋದೆ. ಚಿಕ್ಕಮ್ಮ ನನ್ನನ್ನು ಕಂಡು ಎದ್ದು ಹೋದಳು. ಅವ್ವನಿಗೆ ಎಚ್ಚರವಾಗಿತ್ತು. ಹಲ್ಲು ಕಚ್ಚಿಕೊಂಡು ಮಲಗಿದ್ದಳು. ನೋವೇ ಎಂದು ಕೇಳಿದೆ. ಬಹಳ ಹೊತ್ತು ಕೇಳಿದ ಮೇಲೆ ಗೊತ್ತಾಯಿತು, ಉಚ್ಚೆ ತಡೆದುಕೊಂಡಿದ್ದಳು. ನರ್ಸನ್ನು ಕರೆಯಲು ಸಂಕೋಚ. ನಾನು ಬೆಡ್‌ಪ್ಯಾನ್ ತಂದೆ. ಬೇಡ, ನೀನು ಓದಿದವಳು, ಅಕ್ಕ ಬರಲಿ ಎಂದಳು. ನಾನು ಕೇಳಲಿಲ್ಲ. ಅವಳ ಸೊಂಟದ ಕೆಳಗೆ ಕೈ ಕೊಟ್ಟು ಎತ್ತಿದೆ. ಅವಳು ನೋವಿಗೆ ಕೂಗಿ, ಕೂಗಿದ್ದಕ್ಕೆ ನಾಚಿಕೊಂಡಳು. ಮೈ ಇಷ್ಟು ಹಗುರಾಗಿದೆ ಎಂದು ನನಗೆ ತಿಳಿದಿರಲಿಲ್ಲ. ಅವಳ ಬೀಳುವಿಕೆಯನ್ನು ಎಣಿಸುತ್ತಿದ್ದವಳು ನಾನು, ಅವಳನ್ನು ಎತ್ತಿ ನೋಡಿರಲಿಲ್ಲ.

ತೊಳೆದು, ಒರೆಸಿ, ಹೊದಿಸಿದೆ. ಅವ್ವನ ಮುಖ ಸಡಿಲವಾಯಿತು. ನನ್ನ ಕೈ ಹಿಡಿದುಕೊಂಡಳು. ಆಚೀಚೆ ನೋಡಿ ದನಿ ತಗ್ಗಿಸಿ ಕೇಳಿದಳು.

"ನಾನು ಬಿದ್ದಿದ್ದು ನಿನ್ನ ಲೆಕ್ಕಕ್ಕೆ ಬಂತೇನೇ?"

ಬಂತು ಎಂದು ಹೇಳಬಹುದಿತ್ತು. ಅವಳಿಗೆ ಇನ್ನೊಂದು ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಅಕ್ಕ ಗೋಡೆ ಒಡೆದಿದ್ದಾಳೆ, ಪಾಯಿಖಾನೆ ಕಟ್ಟುತ್ತಿದ್ದಾಳೆ, ಗೋಡೆ ಒಡೆದ ಮನೆ ಹೋಲಿಕೆಗೆ ಬರುವುದಿಲ್ಲ, ಅದರ ಹಿಂದಿನ ಲೆಕ್ಕವನ್ನೂ ಹಿಡಿಯುವುದಿಲ್ಲ ಎಂದೆ. ಒಳ್ಳೆಯ ಸುದ್ದಿಯೆಂಬಂತೆ ಹೇಳಿದೆ. ಮನೆಯೊಳಗೇ ಪಾಯಿಖಾನೆ ಆಗುತ್ತದೆ ಅವ್ವ, ಇನ್ನು ಕೊಚ್ಚೆ ದಾಟಬೇಕಾಗಿಲ್ಲ ಎಂದೆ.

ಪಾಯಿಖಾನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿದವಳ ಹತ್ತಿರ ಕೇಳುವ ಹಾಗೆ ಕೇಳಿದಳು.

"ಹಂಗಾದ್ರೆ ನಾನು ಸುಮ್ನೆ ಬಿದ್ದೆನಾ ಮಗಳೇ?"